ಕಣ್ಣಾರೆ ಕಂಡರೂ ಪರಾಂಬರಿಸಿ

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ಹಿರಿಯರು ಹೇಳುತ್ತಿದ್ದರು. ಕಂಡ ಮೇಲೂ ಮತ್ತೇನು ಪರಾಂಬರಿಸುವುದು, ಕಣ್ಣಿಗಿಂತ ದೊಡ್ಡ ಸಾಕ್ಷಿ ಉಂಟೇ ಎಂದು ವಾದಿಸುವವರಿದ್ದಾರೆ. ಅಂಥವರನ್ನು ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದ ಬೆಟ್ಟಗಳಿಗೆ ಕರೆದೊಯ್ದು, ಒಂದು ಕಿಲೋಮೀಟರ್ ಆಚೆ ಮಲಗಿರುವ ಟಗರಿನ ಕೊಂಬಿನ ಮೇಲಿನ ಗೆರೆಗಳನ್ನು ಎಣಿಸಲು ಹೇಳಬೇಕು. ಒಂದು ಗಂಟೆ ಕಳೆಯುವುದರೊಳಗೆ ಗಾದೆಯ ಅರ್ಥ ತಾನಾಗಿಯೇ ಹೊಳೆಯುತ್ತದೆ.

ಆ ಬೆಟ್ಟಗಳಲ್ಲಿ ಡಾಲ್ ಕುರಿ ಎಂಬ ಕಾಡುಕುರಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಾಸ್ಕಾವನ್ನು ಸುತ್ತಿ ಅಭ್ಯಾಸ ಮಾಡಿದ ನಿಸರ್ಗ ವಿಜ್ಞಾನಿ ವಿಲಿಯಂ ಹೀಲಿ ಡಾಲ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಮೈಯೆಲ್ಲ ಹಾಲಿನಂಥ ಬಿಳುಪು. ಗಂಡಿಗೆ ದಪ್ಪನೆಯ, ಸುರುಳಿ ಸುತ್ತುವ ಕೊಂಬು. ಬೇಸಿಗೆಯಲ್ಲಿ ಹುಲ್ಲು ಸಿಕ್ಕಾಗ ಕೊಂಬು ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ. ನಿಂತ ಜಾಗದಲ್ಲಿ ಒಂದು ಬಳೆಯ ಗುರುತು ಉಳಿಯುತ್ತದೆ. ಮರದ ಕಾಂಡ ಕೊಯ್ದಾಗ ಕಾಣುವ ಉಂಗುರಗಳ ಹಾಗೆಯೇ ಇದೂ ಪ್ರಾಣಿಯ ಜಾತಕ. ಬಳೆ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ.

ಈ ಲೆಕ್ಕ ಬೇಟೆಗಾರನಿಗೆ ಏಕೆ ಬೇಕು? ಅಲಾಸ್ಕಾದ ಬಹುತೇಕ ಬೇಟೆ ಪ್ರದೇಶಗಳ ಕಾನೂನಿನ ಪ್ರಕಾರ ಕಂಡ ಕಂಡ ಟಗರನ್ನು ಹೊಡೆಯುವಂತಿಲ್ಲ. ಒಂದು ಕೊಂಬಾದರೂ ಪಕ್ಕದಿಂದ ನೋಡಿದಾಗ 360 ಡಿಗ್ರಿ, ಅಂದರೆ ಪೂರ್ತಿ ಒಂದು ಸುತ್ತು ಬಂದಿರಬೇಕು. ಇಲ್ಲವೇ ಎರಡೂ ಕೊಂಬುಗಳ ತುದಿ ಮುರಿದಿರಬೇಕು. ಅದೂ ಇಲ್ಲವಾದರೆ ಪ್ರಾಣಿಗೆ ಕನಿಷ್ಠ 8 ವರ್ಷವಾಗಿದೆ ಎಂದು ಬಳೆಗಳು ಸಾಕ್ಷಿ ಹೇಳಬೇಕು. ಹೊಡೆದ ಮೇಲೆ ಕೊಂಬನ್ನು ಸರ್ಕಾರಿ ಇಲಾಖೆಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿ ಲೆಕ್ಕ ತಪ್ಪಿತೆಂದರೆ ಬೇಟೆ ಅಪರಾಧವಾಗುತ್ತದೆ. ದಂಡದ ಮಾತು ಹಾಗಿರಲಿ, ಇನ್ನೂ ಬದುಕಿ ಬೆಳೆಯಬೇಕಾಗಿದ್ದ ಏಳು ವರ್ಷದ ಟಗರೊಂದು ಅಷ್ಟರಲ್ಲಿ ಸತ್ತು ಮಲಗಿರುತ್ತದೆ. ಅದನ್ನು ಮತ್ತೆ ಎಬ್ಬಿಸುವ ವಿದ್ಯೆ ಯಾರಲ್ಲೂ ಇಲ್ಲ. ಗುಂಡು ಬಂದೂಕಿನದಾದರೂ ತೀರ್ಪು ಕಣ್ಣಿನದು.

ಈ ತೀರ್ಪಿಗೆ ಬೇಟೆಗಾರ ನೆಚ್ಚಿಕೊಳ್ಳುವ ಸಾಧನ ಸ್ಪಾಟಿಂಗ್ ಸ್ಕೋಪ್. ಒಂದೇ ಕಣ್ಣಿನಿಂದ ನೋಡುವ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವ ದುರ್ಬೀನು ಅದು. ಮುಂದಿನ ಮಸೂರದ ಅಗಲ ಸಾಮಾನ್ಯವಾಗಿ 60ರಿಂದ 85 ಮಿಲಿಮೀಟರ್. ದೂರದ ವಸ್ತುವನ್ನು 20ರಿಂದ 60 ಪಟ್ಟು ಹತ್ತಿರಕ್ಕೆ ತರುತ್ತದೆ. 60 ಪಟ್ಟು ಎಂದರೆ ಒಂದು ಕಿಲೋಮೀಟರ್ ದೂರದ ಟಗರು ಹದಿನೇಳು ಮೀಟರ್‌ನಲ್ಲಿ, ಶಾಲೆಯ ಅಂಗಳದ ಆ ತುದಿಯಲ್ಲಿ ನಿಂತಂತೆ. ಕೇಳಲು ಬಹಳ ಸುಲಭ. ಆದರೆ ಬೇಟೆಯ ಕಾಲದ ಆರಂಭದಲ್ಲಿ ಅಲಾಸ್ಕಾದ ಹಗಲು ಸುಮಾರು 16 ಗಂಟೆ ಉದ್ದ. ಬೆಟ್ಟದಿಂದ ಬೆಟ್ಟಕ್ಕೆ, ಬಂಡೆಯಿಂದ ಬಂಡೆಗೆ ಕಣ್ಣು ಹಾಯಿಸುತ್ತಾ ಕೂತವನಿಗೆ ಮಧ್ಯಾಹ್ನದ ಹೊತ್ತಿಗೆ ಹಣೆ ಸಿಡಿಯುತ್ತದೆ, ಕಣ್ಣಿನಲ್ಲಿ ನೀರು ಬರುತ್ತದೆ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆಗ ಕೊಂಬಿನ ಬಳೆ ಒಮ್ಮೆ ಏಳು, ಇನ್ನೊಮ್ಮೆ ಎಂಟು, ಮತ್ತೊಮ್ಮೆ ಒಂಬತ್ತು. ಆಸೆ ಹೇಳಿದ ಸಂಖ್ಯೆಗೆ ದಣಿದ ಕಣ್ಣು ಬೇಗ ಒಪ್ಪಿಬಿಡುತ್ತದೆ ಎಂಬುದೇ ಇಲ್ಲಿನ ಅಪಾಯ.

ಕಣ್ಣು ದಣಿಯುವುದು ಏಕೆ? ದೂರದ್ದನ್ನು ನೋಡುವುದು ಕಣ್ಣಿಗೆ ಕಷ್ಟದ ಕೆಲಸ ಎಂಬ ಭಾವನೆ ಅನೇಕರಲ್ಲಿದೆ. ಶರೀರಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧ. ಕಣ್ಣಿನೊಳಗಿನ ಮಸೂರವನ್ನು ಸುತ್ತುವರಿದು ಒಂದು ಪುಟ್ಟ ಸ್ನಾಯು ಇದೆ. ಹತ್ತಿರದ ಪುಸ್ತಕ ಓದುವಾಗ, ಸೂಜಿಗೆ ದಾರ ಪೋಣಿಸುವಾಗ ಅದು ಬಿಗಿದುಕೊಂಡು ಮಸೂರವನ್ನು ಉಬ್ಬಿಸುತ್ತದೆ. ದೂರದ ಬೆಟ್ಟ ನೋಡುವಾಗ ಸಡಿಲವಾಗಿ ವಿಶ್ರಾಂತಿ ಪಡೆಯುತ್ತದೆ. ಸರಿಯಾಗಿ ಹೊಂದಿಸಿದ ದುರ್ಬೀನಿನಿಂದ ಬೆಳಕಿನ ಕಿರಣಗಳು ಸಮಾನಾಂತರವಾಗಿ ಹೊರಬರುತ್ತವೆ, ಅಂದರೆ ಬಹುದೂರದಿಂದ ಬಂದಂತೆ. ಹಾಗಾಗಿ ದುರ್ಬೀನಿನ ಹಿಂದಿರುವ ಕಣ್ಣು ನ್ಯಾಯವಾಗಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತ ಅಜ್ಜನಷ್ಟು ಆರಾಮವಾಗಿರಬೇಕು. ಹಾಗಿರುವುದಿಲ್ಲ ಎಂದರೆ ಎಲ್ಲೋ ಯಂತ್ರದ ಕೆಲಸವನ್ನು ಕಣ್ಣು ಮಾಡುತ್ತಿದೆ ಎಂದರ್ಥ.

ಮೊದಲನೆಯ ತಪ್ಪು ಫೋಕಸ್ ಮಾಡುವುದರಲ್ಲೇ ಆಗುತ್ತದೆ. ಕೊಳವೆಯೊಳಗೆ ಇಣುಕಿದ ಕೂಡಲೇ ಮನಸ್ಸು ‘ಇದು ಹತ್ತಿರದಲ್ಲೇ ಇದೆ’ ಎಂದು ಭಾವಿಸುತ್ತದೆ, ಸ್ನಾಯು ಬಿಗಿಯುತ್ತದೆ. ಎಳೆಯ ಕಣ್ಣಿನ ಮಸೂರ ಮೃದು. ಫೋಕಸ್ ಸ್ವಲ್ಪ ಆಚೀಚೆ ಇದ್ದರೂ ತಾನೇ ಉಬ್ಬಿ ತಗ್ಗಿ ಚಿತ್ರವನ್ನು ಸ್ಪಷ್ಟ ಮಾಡಿಕೊಳ್ಳುತ್ತದೆ. ನೋಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ಹೀಗೆ ನಡೆದಾಗ ಹಣೆನೋವಿನ ರೂಪದಲ್ಲಿ ಬಿಲ್ಲು ಬರುತ್ತದೆ. ನಲವತ್ತು ದಾಟಿ ಚಾಳೀಸು ಹಾಕಿಕೊಂಡವರ ಮಸೂರ ಬಿರುಸಾಗಿರುವುದರಿಂದ ಈ ಕಪಿಚೇಷ್ಟೆ ಅವರಲ್ಲಿ ಕಡಿಮೆ. ವಯಸ್ಸಿನಿಂದ ಆಗುವ ಲಾಭಗಳ ಪಟ್ಟಿ ಚಿಕ್ಕದು. ಅದರಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು.

ಇದಕ್ಕೊಂದು ಸರಳ ಉಪಾಯವಿದೆ. ಫೋಕಸ್ ತಿರುಪನ್ನು ಮೊದಲು ಹತ್ತಿರದ ವಸ್ತುವಿಗೆ ಹೊಂದುವ ತುದಿಯ ಕಡೆಗೆ ಒಯ್ದು, ಚಿತ್ರ ಪೂರ್ತಿ ಮಸುಕಾಗುವಂತೆ ಮಾಡಬೇಕು. ಈ ಕಡೆಯ ಮಸುಕನ್ನು ಕಣ್ಣು ಎಷ್ಟೇ ಪ್ರಯತ್ನಿಸಿದರೂ ತಿದ್ದಲಾರದು. ಅಲ್ಲಿಂದ ನಿಧಾನವಾಗಿ ದೂರದ ಕಡೆಗೆ ತಿರುಗಿಸುತ್ತಾ ಬಂದು, ಚಿತ್ರ ಮೊದಲ ಬಾರಿಗೆ ಸ್ಪಷ್ಟವಾದ ಜಾಗದಲ್ಲಿ ಕೈ ತೆಗೆಯಬೇಕು. ಅದನ್ನು ದಾಟಿ ಮುಂದೆ ಹೋದರೂ ಸ್ವಲ್ಪ ದೂರ ಚಿತ್ರ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಆ ಸ್ಪಷ್ಟತೆ ಕಣ್ಣು ತನ್ನ ಕೈಯಿಂದ ಹಾಕಿದ ದುಡ್ಡು.

ಎರಡನೆಯ ತಪ್ಪು ಇನ್ನೊಂದು ಕಣ್ಣನ್ನು ಮುಚ್ಚುವುದು. ಶಾಲೆಯ ಪ್ರಯೋಗಾಲಯದಲ್ಲಿ ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಹುಡುಗನನ್ನು ಗಮನಿಸಿದರೆ ಸಾಕು. ಎಡಗಣ್ಣು ಮುಚ್ಚಲು ಹೋಗಿ ಕೆನ್ನೆ, ಮೂಗು, ತುಟಿ ಎಲ್ಲವನ್ನೂ ಕಿವುಚಿಕೊಂಡು, ಹುಣಸೆಹಣ್ಣು ತಿಂದವನ ಮುಖ ಮಾಡಿಕೊಂಡಿರುತ್ತಾನೆ. ಈರುಳ್ಳಿ ಸಿಪ್ಪೆಯ ಕೋಶಗಳನ್ನು ನೋಡುವ ಎರಡು ನಿಮಿಷಕ್ಕೆ ಅದು ನಡೆಯುತ್ತದೆ. ಇಡೀ ಹಗಲು ಬೆಟ್ಟ ನೋಡುವವನು ಹಾಗೆ ಮಾಡಿದರೆ ಮುಖದ ಸ್ನಾಯುಗಳು ಮುಷ್ಕರ ಹೂಡುತ್ತವೆ. ಒಂದು ಕಣ್ಣನ್ನು ಬಿಗಿದು ಮುಚ್ಚಿದರೆ ತೆರೆದ ಕಣ್ಣಿನ ರೆಪ್ಪೆಯೂ ಅದುರುತ್ತದೆ. ಗಡಿಯಾರ ರಿಪೇರಿಯವರನ್ನು ನೋಡಿದರೆ ಗೊತ್ತಾಗುತ್ತದೆ: ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರೂ ಇನ್ನೊಂದು ಕಣ್ಣು ಸಹಜವಾಗಿ ತೆರೆದೇ ಇರುತ್ತದೆ. ಸ್ವಲ್ಪ ದಿನದ ಅಭ್ಯಾಸದಲ್ಲಿ ಮಿದುಳು ಬೇಡದ ಚಿತ್ರವನ್ನು ಬದಿಗಿಡಲು ಕಲಿಯುತ್ತದೆ. ಅಭ್ಯಾಸ ಆಗುವವರೆಗೆ ಆ ಕಣ್ಣಿನ ಮುಂದೆ ಒಂದು ಕಪ್ಪು ರಟ್ಟಿನ ತುಂಡನ್ನು ಅಡ್ಡ ಹಿಡಿಯುವಂತೆ ಸ್ಕೋಪಿಗೆ ಕಟ್ಟಿಕೊಳ್ಳಬಹುದು, ಅಥವಾ ಟೋಪಿಯ ಅಂಚನ್ನು ಆ ಕಡೆಗೆ ಎಳೆದುಕೊಳ್ಳಬಹುದು. ಕಣ್ಣು ತೆರೆದಿರಲಿ, ಅದಕ್ಕೆ ಏನೂ ಕಾಣದಿರಲಿ. ಇದಿಷ್ಟೇ ಗುಟ್ಟು. ನಡುನಡುವೆ ಬಲಗಣ್ಣಿನ ಪಾಳಿಯನ್ನು ಎಡಗಣ್ಣಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಮೂರನೆಯದು ಆಸೆಯ ತಪ್ಪು. 60 ಪಟ್ಟು ಹಿಗ್ಗಿಸುವ ಸೌಲಭ್ಯ ಇದ್ದ ಮೇಲೆ 20ರಲ್ಲಿ ಏಕೆ ನೋಡಬೇಕು? ಹೊಸಬನ ಕೈ ತಾನಾಗಿಯೇ ತಿರುಪಿನ ಕೊನೆಗೆ ಹೋಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಕಂತೆಯ ದಪ್ಪ ಎಷ್ಟೆಂದರೆ, ಮುಂದಿನ ಮಸೂರದ ಅಗಲವನ್ನು ಹಿಗ್ಗಿಸುವ ಪ್ರಮಾಣದಿಂದ ಭಾಗಿಸಿದಷ್ಟು. 60 ಮಿಲಿಮೀಟರ್ ಮಸೂರದ ಸ್ಕೋಪಿನಲ್ಲಿ 20 ಪಟ್ಟಿಗೆ 3 ಮಿಲಿಮೀಟರ್. 60 ಪಟ್ಟಿಗೆ ಬರೀ 1 ಮಿಲಿಮೀಟರ್. ಹಗಲಿನಲ್ಲಿ ಕಣ್ಣಿನ ಪಾಪೆಯ ಅಗಲ 2ರಿಂದ 3 ಮಿಲಿಮೀಟರ್ ಇರುತ್ತದೆ. ಆದ್ದರಿಂದ ಮೊದಲಿನದು ಪಾಪೆಗೆ ಸರಿಯಾಗಿ ಹೊಂದುತ್ತದೆ. ಎರಡನೆಯದು ಸೂಜಿಯ ಕಣ್ಣಿನಲ್ಲಿ ಇಣುಕಿದಂತೆ; ತಲೆ ಕೂದಲೆಳೆಯಷ್ಟು ಸರಿದರೂ ಚಿತ್ರ ಕಪ್ಪಾಗುತ್ತದೆ. ಅದನ್ನು ಹಿಡಿದಿಡಲು ಕುತ್ತಿಗೆ ಕಲ್ಲಾಗುತ್ತದೆ. ಬೆಳಕೂ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ, ಕಂತೆ ಅಷ್ಟು ಸಣ್ಣದಾದಾಗ ಕಣ್ಣಿನೊಳಗಿನ ದ್ರವದಲ್ಲಿ ತೇಲುವ ಕಸದ ನೆರಳು ಅಕ್ಷಿಪಟಲದ ಮೇಲೆ ಎದ್ದು ಕಾಣಿಸುತ್ತದೆ. ಟಗರಿನ ಕೊಂಬಿನ ಮೇಲೆ ಹುಳು ಹರಿದಂತೆ ಕಂಡರೆ ಆ ಹುಳು ಅಲಾಸ್ಕಾದ್ದಲ್ಲ, ನೋಡುವವನ ಸ್ವಂತದ್ದು.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದಾದರೂ ಏನು? ಆರೋಗ್ಯವಂತ ಬರಿಗಣ್ಣು ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 30 ಸೆಂಟಿಮೀಟರ್ ಅಂತರದ ಎರಡು ಗುರುತುಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. 30 ಪಟ್ಟು ಹಿಗ್ಗಿಸಿದರೆ ಅದು 1 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ 60 ಮಿಲಿಮೀಟರ್ ಅಗಲದ ಮಸೂರ, ಬೆಳಕಿನ ಅಲೆಯ ಸ್ವಭಾವದಿಂದಾಗಿ, ಆ ದೂರದಲ್ಲಿ ಹೆಚ್ಚುಕಡಿಮೆ ಆ 1 ಸೆಂಟಿಮೀಟರಿಗಿಂತ ಸೂಕ್ಷ್ಮವಾದ ವಿವರವನ್ನು ಕೊಡಲಾರದು. ಅಂದರೆ ಮಸೂರದ ಬಂಡವಾಳ 30ರ ಆಸುಪಾಸಿನಲ್ಲೇ ಬಹುಪಾಲು ಖರ್ಚಾಗಿರುತ್ತದೆ. ಅದರಿಂದ ಮುಂದೆ ಚಿತ್ರ ದೊಡ್ಡದಾಗುತ್ತದೆ, ನೋಡಲು ತುಸು ಅನುಕೂಲವೂ ಆಗಬಹುದು. ಹೊಸ ವಿವರ ಮಾತ್ರ ಅಷ್ಟಾಗಿ ಬರುವುದಿಲ್ಲ. ಹಿಟ್ಟು ಅಷ್ಟೇ ಇದ್ದು ದೋಸೆಯನ್ನು ಅಗಲ ಮಾಡುತ್ತಾ ಹೋದರೆ ತೂತು ಬೀಳುತ್ತದಲ್ಲ, ಹಾಗೆ. ಅನುಭವಿ ಬೇಟೆಗಾರರು ಹುಡುಕುವ ಕೆಲಸವನ್ನೆಲ್ಲ ಎರಡೂ ಕಣ್ಣಿಗೆ ಹೊಂದುವ, 10 ಪಟ್ಟು ಹಿಗ್ಗಿಸುವ ಬೈನಾಕ್ಯುಲರಿಗೆ ವಹಿಸುತ್ತಾರೆ. ಬೆಟ್ಟವನ್ನು ಗೆರೆ ಹಾಕಿದ ನೋಟುಪುಸ್ತಕದಂತೆ ಭಾಗ ಮಾಡಿಕೊಂಡು ಸಾಲು ಸಾಲಾಗಿ ನೋಡುತ್ತಾರೆ. ಬಿಳಿಯ ಚುಕ್ಕೆ ಹಿಮದ ತುಣುಕೋ, ಸುಣ್ಣದ ಕಲ್ಲೋ, ಕುರಿಯೋ ಎಂಬ ಅನುಮಾನ ಬಂದಾಗ ಮಾತ್ರ ಸ್ಪಾಟಿಂಗ್ ಸ್ಕೋಪಿನ ಸರದಿ. ಅದೂ ಮೊದಲು 20ರಲ್ಲಿ. ಬಳೆ ಎಣಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ ಮೇಲಕ್ಕೆ.

ಮೇಲಕ್ಕೆ ಹೋಗಲು ಗಾಳಿಯ ಅಪ್ಪಣೆಯೂ ಬೇಕು. ಬಿಸಿಲೇರಿದಾಗ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ತಂಪು ಗಾಳಿ, ಬಿಸಿ ಗಾಳಿ ಕಲಸಿಕೊಂಡು ಬೆಳಕಿನ ದಾರಿಯನ್ನು ಅತ್ತಿತ್ತ ಬಗ್ಗಿಸುತ್ತವೆ. ಟಾರು ರಸ್ತೆಯ ಮೇಲೆ ಕಾಣುವ ಬಿಸಿಲುಗುದುರೆಯ ಹತ್ತಿರದ ಸಂಬಂಧಿಯೇ ಇದು. ಸ್ಕೋಪಿನಲ್ಲಿ ಟಗರು ಹರಿಯುವ ನೀರಿನಡಿಯ ಕಲ್ಲಿನಂತೆ ನಡುಗುತ್ತದೆ. ಹಿಗ್ಗಿಸಿದಷ್ಟೂ ನಡುಕವೂ ಹಿಗ್ಗುತ್ತದೆ. ತಿರುಪು ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಕಣ್ಣು ಮಾತ್ರ ಹಿಡಿಯಲಾಗದ್ದನ್ನು ಹಿಡಿಯಲು ಹೋಗಿ ಬಳಲುತ್ತದೆ. ಮುಂಜಾನೆ, ಮೋಡ ಕವಿದ ಹೊತ್ತು, ಸಂಜೆಯ ತಂಪು ಇವೇ ಕೊಂಬು ಎಣಿಸುವ ಮುಹೂರ್ತ. ನಡುಹಗಲು ನಿದ್ದೆ ಮಾಡುವವನು ಸೋಮಾರಿಯಂತೆ ಕಂಡರೂ ವಿಜ್ಞಾನ ಅವನ ಪರವಾಗಿದೆ.

ಇನ್ನು ರೆಪ್ಪೆಯ ಕತೆ. ಸಾಮಾನ್ಯವಾಗಿ ಮನುಷ್ಯ ನಿಮಿಷಕ್ಕೆ ಹದಿನೈದು ಸಲದಷ್ಟು ಕಣ್ಣು ಮಿಟುಕಿಸುತ್ತಾನೆ. ಪ್ರತಿ ಸಲವೂ ಕಣ್ಣೀರಿನ ತೆಳು ಪೊರೆ ಹೊಸದಾಗಿ ಹರಡಿಕೊಳ್ಳುತ್ತದೆ. ಏಕಾಗ್ರತೆಯಿಂದ ನೋಡುವಾಗ ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. ಬೆಟ್ಟದ ತುದಿಯ ಒಣಗಾಳಿಗೆ ಆ ಪೊರೆ ಬೇಗ ಆರಿಹೋಗುತ್ತದೆ, ಚಿತ್ರ ಮಸುಕಾಗುತ್ತದೆ. ದೋಷ ಯಂತ್ರದ್ದೆಂದು ತಿಳಿದ ಬೇಟೆಗಾರ ಫೋಕಸ್ ತಿರುಗಿಸುತ್ತಾನೆ, ಮಸೂರ ಒರೆಸುತ್ತಾನೆ. ಎರಡು ಸಲ ರೆಪ್ಪೆ ಬಡಿದಿದ್ದರೆ ಸಾಕಿತ್ತು. ಎವೆಯಿಕ್ಕದೆ ಒಂದೇ ಕಡೆ ನೆಟ್ಟ ನೋಟಕ್ಕೆ ಇನ್ನೊಂದು ಶಿಕ್ಷೆಯೂ ಇದೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲಿ ವಿವರಿಸಿದಂತೆ, ಒಂದೇ ಬಿಂದುವನ್ನು ದಿಟ್ಟಿಸುತ್ತಿದ್ದರೆ ಅದರ ಅಕ್ಕಪಕ್ಕದ ಮಂದ ವಸ್ತುಗಳು ದೃಷ್ಟಿಯಿಂದ ಮೆಲ್ಲಗೆ ಅಳಿಸಿಹೋಗುತ್ತವೆ. ನೋಟ ಅಲುಗುತ್ತಿದ್ದರೇ ಕಣ್ಣಿಗೆ ಕಾಣುವುದು. ಹೆಚ್ಚು ದಿಟ್ಟಿಸಿದವನಿಗೆ ಕಡಿಮೆ ಕಾಣುತ್ತದೆ.

ಇವೆಲ್ಲವೂ ಪುಸ್ತಕ ಓದಿ ಬಂದ ತಿಳಿವಳಿಕೆ ಎನ್ನುವಂತಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕೆಂಪು ಜಿಂಕೆಯ ಬೇಟೆಗೆ ದಾರಿ ತೋರಿಸುತ್ತಿದ್ದವರು ಒಂದರೊಳಗೊಂದು ಸರಿಯುವ ಹಿತ್ತಾಳೆ ಕೊಳವೆಯ ದುರ್ಬೀನು ಹಿಡಿದು ಇಡೀ ದಿನ ನೋಡುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡಿನ ಬದಲು ಸ್ವಂತ ಮೈಯನ್ನೇ ಬಳಸುತ್ತಿದ್ದರು. ಇಳಿಜಾರಿನಲ್ಲಿ ಅಂಗಾತ ಒರಗಿ, ಮೊಣಕಾಲು ಮಡಚಿ, ಅದಕ್ಕೆ ದುರ್ಬೀನನ್ನು ಆನಿಸಿ ನೋಡುವ ಭಂಗಿ ಅವರದು. 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಲಾರ್ಡ್ ಲೊವಾಟ್ ಇಂಥ ಬೆಟ್ಟದ ಜನರನ್ನೇ ಕೂಡಿಸಿ ‘ಲೊವಾಟ್ ಸ್ಕೌಟ್ಸ್’ ಎಂಬ ಪಡೆ ಕಟ್ಟಿದರು. ಜಿಂಕೆ ನೋಡಿ ಪಳಗಿದ ಕಣ್ಣು ಶತ್ರುವಿನ ಚಲನವಲನ ನೋಡಲು ಉಪಯೋಗಕ್ಕೆ ಬಂತು. ಅವರಿಂದ ಕಲಿಯಬೇಕಾದ ಪಾಠವೊಂದಿದೆ: ಮೈ ನೆಮ್ಮದಿಯಾಗಿದ್ದರೆ ಮಾತ್ರ ಕಣ್ಣು ನೆಮ್ಮದಿಯಾಗಿರುತ್ತದೆ. ಈಗಿನ ಸ್ಕೋಪಿಗೂ ಅದೇ ಮಾತು ಅನ್ವಯಿಸುತ್ತದೆ. ಸ್ಟ್ಯಾಂಡನ್ನು ತಗ್ಗಿಸಿ, ಬೆನ್ನಿಗೆ ಒಂದು ಬಂಡೆ ಕೊಟ್ಟು ಕುಳಿತು, ಕಣ್ಣಿರುವ ಎತ್ತರಕ್ಕೆ ಸ್ಕೋಪನ್ನು ತರಬೇಕು. ಸ್ಕೋಪಿರುವ ಎತ್ತರಕ್ಕೆ ಕುತ್ತಿಗೆಯನ್ನು ಎಳೆಯಬಾರದು. ಸ್ಟ್ಯಾಂಡಿನ ನಡುವೆ ಕಲ್ಲಿನ ಚೀಲ ತೂಗುಹಾಕಿದರೆ ಗಾಳಿಗೆ ಅಲುಗುವುದು ತಗ್ಗುತ್ತದೆ. ಪಕ್ಕದಿಂದ ಬೆಳಕು ಹೊಡೆಯುತ್ತಿದ್ದರೆ, ಹಳೆಯ ಸ್ಟುಡಿಯೋದ ಫೋಟೋಗ್ರಾಫರ್ ಕಪ್ಪು ಬಟ್ಟೆ ಹೊದೆಯುತ್ತಿದ್ದಂತೆ ತಲೆಯ ಮೇಲೆ ಜಾಕೆಟ್ ಎಳೆದುಕೊಂಡರಾಯಿತು. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿಕೊಳ್ಳಬೇಕು. ಇಲ್ಲದಿದ್ದರೆ ಚಿತ್ರದ ಅಂಚೆಲ್ಲ ಕತ್ತರಿಸಿಹೋಗಿ ನಡುವಿನ ತುಣುಕಷ್ಟೇ ಕಾಣುತ್ತದೆ. ಬರೀ ದೂರದೃಷ್ಟಿಯ ಮಂಜಿಗೆ ಕನ್ನಡಕ ಹಾಕುವವರು ಅದನ್ನು ತೆಗೆದಿಟ್ಟು ಫೋಕಸ್ ಬದಲಿಸಿಕೊಂಡರೂ ನಡೆಯುತ್ತದೆ. ಎಂಥ ಸಂದರ್ಭದಲ್ಲೂ ಸ್ಕೋಪಿನ ಮೂತಿಯನ್ನು ಸೂರ್ಯನ ಕಡೆಗೆ ತಿರುಗಿಸಬಾರದು ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳುವಂತೆ ದೊಡ್ಡವರಿಗೂ ಎರಡು ಸಲ ಹೇಳಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿದಿದೆ. ಇಲ್ಲಿ ಸ್ಪಾಟಿಂಗ್ ಸ್ಕೋಪ್ ಕಾಣಿಸುವುದು ರಂಗನತಿಟ್ಟಿನಂಥ ಕಡೆ ಹಕ್ಕಿ ನೋಡುವವರ ಹೆಗಲಿನಲ್ಲಿ. ಕೊಲ್ಲಲು ಹೊರಟವನ ಕಣ್ಣಿನ ಆರೈಕೆ ಇಲ್ಲಿಯವರಿಗೇಕೆ ಎಂದು ಯಾರಾದರೂ ಕೇಳಬಹುದು. ಕೊಕ್ಕಿನ ಬಣ್ಣ ನೋಡುವವನಿಗೂ ಕೊಂಬಿನ ಬಳೆ ನೋಡುವವನಿಗೂ ಇರುವುದು ಅದೇ ಸ್ನಾಯು, ಅದೇ ರೆಪ್ಪೆ, ಅದೇ ಆಸೆ. ವ್ಯತ್ಯಾಸವೆಂದರೆ ಹಕ್ಕಿ ನೋಡುವವನು ತಪ್ಪಿದರೆ ನೋಟುಪುಸ್ತಕದಲ್ಲಿ ಒಂದು ಹೆಸರು ತಪ್ಪುತ್ತದೆ, ಅದನ್ನು ರಬ್ಬರಿನಿಂದ ಅಳಿಸಬಹುದು. ಬೇಟೆಗಾರನಿಗೆ ರಬ್ಬರ್ ಇಲ್ಲ. ಆ ಕಾರಣಕ್ಕೇ ಅವನ ಕಣ್ಣಿನ ಶಿಸ್ತು ಎಲ್ಲರಿಗೂ ಪಾಠವಾಗುವಷ್ಟು ಕಟ್ಟುನಿಟ್ಟಾಗಿರಬೇಕು.

ಆ ಶಿಸ್ತಿನ ಕೊನೆಯ ನಿಯಮ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಬಳೆಗಳಲ್ಲಿ ಸುಳ್ಳು ಬಳೆಗಳೂ ಇರುತ್ತವೆ. ಮೊದಲ ವರ್ಷದ ಗುರುತು ಸವೆದುಹೋಗಿರುವುದೂ ಉಂಟು. ಎಷ್ಟು ಒಳ್ಳೆಯ ಮಸೂರವಾದರೂ ಕೆಲವು ಕೊಂಬುಗಳು ದೂರದಿಂದ ತೀರ್ಮಾನಕ್ಕೆ ಬಗ್ಗುವುದಿಲ್ಲ. ಒಮ್ಮೆ ಎಣಿಸಿ, ಸ್ಕೋಪಿನಿಂದ ಹಿಂದೆ ಸರಿದು, ಎರಡು ನಿಮಿಷ ಕಣ್ಣು ಮುಚ್ಚಿ ಕೂತು, ಮತ್ತೆ ಮೊದಲಿನಿಂದ ಎಣಿಸಬೇಕು. ಜೊತೆಗಾರನಿದ್ದರೆ ತನ್ನ ಲೆಕ್ಕ ಹೇಳದೆ ಅವನಿಂದಲೂ ಎಣಿಸಬೇಕು. ಎರಡು ಲೆಕ್ಕ ಕೂಡಿ ಬಂದರೆ ಸರಿ. ಬಾರದಿದ್ದರೆ ಬಂದೂಕು ಚೀಲದಲ್ಲೇ ಇರಬೇಕು. ಟಗರು ಎದ್ದು, ಮೈ ಕೊಡವಿ, ಬಂಡೆಯ ಆಚೆ ಇಳಿದುಹೋಗುತ್ತದೆ. ಹೋದರೆ ಹೋಗಲಿ. ಬದುಕಿದ್ದರೆ ಬರುವ ವರ್ಷ ಅದರ ಕೊಂಬಿನ ಮೇಲೆ ಇನ್ನೊಂದು ಬಳೆ ಇರುತ್ತದೆ.